ಮೀಸೆ ಮಣ್ಣಾದರೂ ಹೇಳಿ

ಕೂಟದ ಸಂಸ್ಥಾಪನಾ ದಿನದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ



ಊಟಕ್ಕೆ ಮುಂಚೆ ವೈದ್ಯರನ್ನು ಮಾತಿಗೆ ನಿಲ್ಲಿಸುವುದು ಸಂಘಟಕರ ಜಾಣತನ. ಹೋಳಿಗೆಯ ಮೇಲೆ ಬೀಳುವ ತುಪ್ಪ ಒಂದು ಚಮಚವಾದರೂ ಕಡಿಮೆಯಾದೀತು ಎಂಬ ಲೆಕ್ಕ ಅವರದಿರಬೇಕು. ಗಾಬರಿಯಾಗಬೇಡಿ, ತುಪ್ಪದ ತಂಟೆಗೆ ಇಂದು ನಾವು ಹೋಗುವುದಿಲ್ಲ. ತುಪ್ಪ ಬೀಳಲಿ, ಮನುಷ್ಯರು ಬೀಳದಿರಲಿ ಎಂಬುದಷ್ಟೇ ಇಂದಿನ ಮಾತು.

ಹುಟ್ಟುಹಬ್ಬದ ದಿನ ಇದೆಂಥ ವಿಷಯ ಎಂದು ಕೆಲವರಿಗೆ ಅನಿಸಬಹುದು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ನಮ್ಮ ನಾಡಿನಿಂದ ವೈದ್ಯರು, ಇಂಜಿನಿಯರುಗಳು, ಸಂಶೋಧಕರು ಒಬ್ಬೊಬ್ಬರಾಗಿ ಇಲ್ಲಿಗೆ ಬಂದರು. ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಸೇರಿ, ಚಿತ್ರಾನ್ನ ಹಂಚಿಕೊಂಡು, ಈ ದೇಶದ ಉದ್ದಗಲಕ್ಕೂ ಕನ್ನಡ ಕೂಟಗಳನ್ನು ಕಟ್ಟಿದವರು ಆ ಪೀಳಿಗೆಯವರು. ಅಂದು ಮೂವತ್ತರ ಆಸುಪಾಸಿನಲ್ಲಿದ್ದವರು ಇಂದು ಎಪ್ಪತ್ತೈದು, ಎಂಬತ್ತು ದಾಟಿದ್ದಾರೆ. ಇನ್ನೊಂದು ಕಡೆ, ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಇಲ್ಲಿ ರೆಸಿಡೆನ್ಸಿ ಮಾಡಿದ ನಮ್ಮಂಥವರ ತಂದೆತಾಯಿ, ಅತ್ತೆಮಾವಂದಿರು ಇದ್ದಾರೆ. ಕೆಲವರು ಆರು ತಿಂಗಳಿಗೆಂದು ಬಂದು ಹೋಗುವವರು, ಕೆಲವರು ಗ್ರೀನ್ ಕಾರ್ಡ್ ಪಡೆದು ಉಳಿದವರು, ಇನ್ನು ಕೆಲವರು ಊರಲ್ಲೇ ಇದ್ದು ಫೋನಿನಲ್ಲಿ ಸಿಗುವವರು. ಕೂಟ ಕಟ್ಟಿದವರು, ನಮ್ಮನ್ನು ಕಟ್ಟಿದವರು ಇಬ್ಬರೂ ಒಟ್ಟಿಗೆ ಮುಪ್ಪಿನ ಹೊಸಿಲಿನಲ್ಲಿ ನಿಂತಿದ್ದಾರೆ. ಹೊಸಿಲು ಎಂದರೆ ಎಡವುವ ಜಾಗವೂ ಹೌದಲ್ಲವೇ? ಅದಕ್ಕೇ ಈ ವಿಷಯ.

ಮೊದಲು ಲೆಕ್ಕ ಒಪ್ಪಿಸಿಬಿಡೋಣ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಅಂಕಿಅಂಶಗಳ ಪ್ರಕಾರ 65 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಪ್ರತಿವರ್ಷ ಒಮ್ಮೆಯಾದರೂ ಬೀಳುತ್ತಾರೆ. 2021ರಲ್ಲಿ ಹೀಗೆ ಬಿದ್ದು ತೀರಿಕೊಂಡ ಹಿರಿಯರು 38,000ಕ್ಕೂ ಹೆಚ್ಚು. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರುವವರು ವರ್ಷಕ್ಕೆ ಸುಮಾರು 3 ಲಕ್ಷ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಇಮ್ಮಡಿ. ಈ ಎಲ್ಲ ಲೆಕ್ಕಗಳಿಗಿಂತ ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು: ಬಿದ್ದವರಲ್ಲಿ ಅರ್ಧದಷ್ಟು ಜನರೂ ಅದನ್ನು ತಮ್ಮ ವೈದ್ಯರಿಗೆ ಹೇಳುವುದಿಲ್ಲ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಮ್ಮದೇ. ಅಹಂಕಾರಿಯನ್ನು ಕಂಡು ನಗಲು ನಾವು ಆ ಮಾತು ಹೇಳುತ್ತೇವೆ. ನಮ್ಮ ಹಿರಿಯರು ಬಿದ್ದದ್ದನ್ನು ಮುಚ್ಚಿಡುವುದು ಮಾತ್ರ ಅಹಂಕಾರಕ್ಕಲ್ಲ, ಅಂಜಿಕೆಗೆ.

ಒಂದು ಸಂಗತಿ ಹೇಳುತ್ತೇವೆ, ಹೆಸರು, ಊರು ಬೇಡ. ಎಂಬತ್ತರ ಸಮೀಪದ ಒಬ್ಬ ತಾಯಿಯನ್ನು ಮಗ ಸೊಸೆ ಕರೆತಂದರು. ಹದಿನೈದು ದಿನಗಳಿಂದ ಮಾತು ಮರೆಯುತ್ತಾರೆ, ಹಗಲೆಲ್ಲ ನಿದ್ದೆ, ಕಾಲೆಳೆದು ನಡೆಯುತ್ತಾರೆ, ಅರಳುಮರಳು ಶುರುವಾಯಿತೇನೋ ಎಂಬುದು ಅವರ ಚಿಂತೆ. ಸ್ಕ್ಯಾನ್ ಮಾಡಿದರೆ ತಲೆಬುರುಡೆಯೊಳಗೆ, ಮಿದುಳಿನ ಹೊರಪದರದ ಕೆಳಗೆ ರಕ್ತ ಕಟ್ಟಿಕೊಂಡಿತ್ತು. ಆ ರಕ್ತವನ್ನು ಹೊರತೆಗೆದ ಮೇಲೆ ಕೆಲವೇ ದಿನಗಳಲ್ಲಿ ಮಾತು ಮರಳಿತು, ನಡಿಗೆ ಮರಳಿತು. ಆಗ ಕನ್ನಡದಲ್ಲಿ ಮೆಲ್ಲಗೆ ಕೇಳಿದೆವು, "ಅಮ್ಮಾ, ಎಲ್ಲಾದರೂ ಬಿದ್ದಿದ್ರಾ?" ಮಗ ಹೊರಗೆ ಹೋದನೇ ಎಂದು ಬಾಗಿಲ ಕಡೆ ನೋಡಿ ಹೇಳಿದರು: "ಒಂದು ತಿಂಗಳ ಹಿಂದೆ, ಸ್ನಾನದ ತೊಟ್ಟಿಯಲ್ಲಿ. ಹೇಳಿದ್ರೆ ಅವನಿಗೆ ರಜಾ ಹಾಕೋ ಕಷ್ಟ, ಆಸ್ಪತ್ರೆ ಖರ್ಚು. ಆಮೇಲೆ ಇವಳನ್ನ ಇಟ್ಕೊಳ್ಳೋದು ಕಷ್ಟ ಅಂತ ವಾಪಸ್ ಕಳಿಸಿಬಿಟ್ರೆ? ಮೊಮ್ಮಗಳನ್ನ ಬಿಟ್ಟು ಹೇಗಪ್ಪಾ ಹೋಗಲಿ?"

ಆ ತಾಯಿಯನ್ನು ಸಾವಿನ ಹತ್ತಿರಕ್ಕೆ ಒಯ್ದದ್ದು ತೊಟ್ಟಿ ಎನ್ನೋಣವೇ, ಹೇಳಲಾರದ ಮೌನ ಎನ್ನೋಣವೇ? ತೊಟ್ಟಿಯ ಪಾಲಿಗಿಂತ ಮೌನದ ಪಾಲೇ ದೊಡ್ಡದು. ಆದ್ದರಿಂದ ನಮ್ಮ ಮೊದಲ ಮಾತು ಇದು: ಹಿರಿಯರ ಸುರಕ್ಷತೆಯ ಮೊದಲ ಸಾಧನ ಗೋಡೆಗೆ ಹಾಕುವ ಹಿಡಿಕೆ ಅಲ್ಲ. ಬಿದ್ದೆ ಎಂದು ಅಂಜಿಕೆಯಿಲ್ಲದೆ ಹೇಳಬಹುದಾದ ಮನೆ.

ಹಾಗಾದರೆ ಕೇಳುವುದು ಹೇಗೆ? ಸಿಡಿಸಿ ವೈದ್ಯರಿಗೆಂದು ರೂಪಿಸಿರುವ ಮೂರು ಪ್ರಶ್ನೆಗಳಿವೆ. ಮನೆಯವರೂ ಕೇಳಬಹುದು. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ನಿಂತಾಗ, ನಡೆಯುವಾಗ ಆಯ ತಪ್ಪಿದಂತೆ ಅನಿಸುತ್ತದೆಯೇ? ಬಿದ್ದುಬಿಟ್ಟೇನು ಎಂಬ ಭಯವಿದೆಯೇ? ಈ ಮೂರರಲ್ಲಿ ಒಂದಕ್ಕೆ ಹೌದು ಎಂದರೂ ವೈದ್ಯರನ್ನು ಕಾಣಬೇಕು. ಕೇಳುವ ಧಾಟಿ ಮಾತ್ರ ಪೊಲೀಸರದಾಗಬಾರದು. "ಮತ್ತೆ ಬಿದ್ದೆಯಾ? ಹೇಳಿದ್ದೆನಲ್ಲ, ಒಬ್ಬಳೇ ಹೋಗಬೇಡ ಅಂತ!" ಎಂದು ಒಮ್ಮೆ ಗದರಿದರೆ ಸಾಕು, ಮುಂದಿನ ಸಲ ನಿಮಗೆ ಸುದ್ದಿ ಸಿಗುವುದಿಲ್ಲ.

ಬೀಳುವುದು ಮುಪ್ಪಿನ ಹಣೆಬರಹ, ಅದಕ್ಕೇನು ಮಾಡಲಾದೀತು ಎಂಬ ಮಾತು ನಮ್ಮಲ್ಲಿ ಬಹಳ. ಅದು ಹಾಗಲ್ಲ ಎಂದು ತೋರಿಸಿಕೊಟ್ಟವರಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟ್ಟಿ ಪ್ರಮುಖರು. 1988ರಲ್ಲಿ ಅವರು ಹಿರಿಯರು ಬೀಳಲು ಒಂದೇ ಕಾರಣವಿರುವುದಿಲ್ಲ, ಹಲವು ಸಣ್ಣ ಕಾರಣಗಳು ಒಟ್ಟುಗೂಡಿದಷ್ಟೂ ಅಪಾಯ ಏರುತ್ತದೆ ಎಂದು ತೋರಿಸಿದರು. 1994ರಲ್ಲಿ ಆ ಕಾರಣಗಳನ್ನು ಒಂದೊಂದಾಗಿ ಸರಿಪಡಿಸಿ ನೋಡಿದರು. ಒಂದು ವರ್ಷದಲ್ಲಿ, ಹಾಗೆ ಮಾಡದ ಗುಂಪಿನಲ್ಲಿ ನೂರಕ್ಕೆ 47 ಜನ ಬಿದ್ದರು, ಮಾಡಿದ ಗುಂಪಿನಲ್ಲಿ 35 ಜನ. ಮುಪ್ಪನ್ನು ತಡೆಯಲಾಗದು, ಬೀಳುವುದರಲ್ಲಿ ಒಂದಷ್ಟನ್ನು ತಡೆಯಬಹುದು. ಹೊರೆ ಇಳಿಸುವಾಗ ಒಂದೊಂದೇ ಗಂಟು ಇಳಿಸಿದಂತೆ ಇದು. ನಮ್ಮ ಮನೆಗಳಲ್ಲಿ ಆ ಗಂಟುಗಳು ಯಾವುವು ಎಂದು ಈಗ ನೋಡೋಣ.

ಮೊದಲನೆಯ ಗಂಟು ಔಷಧಿಯ ಡಬ್ಬಿ. ಊರಿನಿಂದ ಬರುವ ಹಿರಿಯರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುರಿಹಿಟ್ಟಿನ ಜೊತೆಗೆ ಆರು ತಿಂಗಳ ಮಾತ್ರೆ ಬರುತ್ತದೆ. ಇಲ್ಲಿಯ ವೈದ್ಯರು ಮತ್ತೆರಡು ಸೇರಿಸುತ್ತಾರೆ. ಎರಡು ದೇಶಗಳಲ್ಲಿ ಒಂದೇ ಮದ್ದಿಗೆ ಎರಡು ಹೆಸರು ಎಂಬುದನ್ನು ನೆನಪಿಡಿ. ಊರಿನ ಡೋಲೋದಲ್ಲಿರುವ ಪ್ಯಾರಾಸಿಟಮಾಲ್, ಇಲ್ಲಿಯ ಟೈಲೆನಾಲ್‌ನಲ್ಲಿರುವ ಅಸಿಟಮಿನೋಫೆನ್ ಎರಡೂ ಒಂದೇ. ಅಲ್ಲಿಯ ಗ್ಲೈಬೆನ್‌ಕ್ಲಮೈಡ್, ಇಲ್ಲಿಯ ಗ್ಲೈಬುರೈಡ್ ಒಂದೇ. ಗೊತ್ತಿಲ್ಲದೆ ಎರಡನ್ನೂ ನುಂಗಿದರೆ ಮೊದಲನೆಯದರಲ್ಲಿ ಯಕೃತ್ತಿಗೆ ಅಪಾಯ, ಎರಡನೆಯದರಲ್ಲಿ ಸಕ್ಕರೆ ಕುಸಿದು ಎಚ್ಚರ ತಪ್ಪುವ ಅಪಾಯ.

ಸಕ್ಕರೆ ಕಾಯಿಲೆಯ ತಾಯಂದಿರು ಏಕಾದಶಿಯ ದಿನ ಊಟ ಬಿಡುತ್ತಾರೆ, ಮಾತ್ರೆ ಬಿಡುವುದಿಲ್ಲ. ಇದು ನಮ್ಮ ಮನೆಗಳದೇ ವಿಶೇಷ ಅಪಾಯ. ಬೆಳಿಗ್ಗೆ ಮಾತ್ರೆ, ಮಧ್ಯಾಹ್ನದವರೆಗೆ ಬರೀ ನೀರು, ಎದ್ದು ದೇವರ ಮನೆಗೆ ಹೋಗುವಾಗ ಬೆವರು, ನಡುಕ, ಕಣ್ಣು ಕತ್ತಲೆ. ಉಪವಾಸ ಬಿಡಿ ಎಂದು ನಾವು ಹೇಳಹೊರಟರೆ ಅವರು ಮಾಡುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಅದಕ್ಕಿಂತ ಉಪವಾಸದ ದಿನಗಳ ಪಟ್ಟಿಯನ್ನು ವೈದ್ಯರ ಮುಂದಿಟ್ಟು, ಅಂದು ಯಾವ ಮಾತ್ರೆ ಬೇಡ, ಯಾವುದು ಬೇಕು ಎಂದು ಮೊದಲೇ ಬರೆಸಿಕೊಳ್ಳುವುದು ಮೇಲು.

ನಿದ್ದೆ ಬಾರದ ಹಿರಿಯರಿಗೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ರಾತ್ರಿಯ ಮಾತ್ರೆ ತಂದುಕೊಡುವವರೂ ಇದ್ದಾರೆ. ಬೆನಡ್ರಿಲ್‌ನಲ್ಲಿರುವ, ಪಿ.ಎಂ. ಎಂದು ಬರೆದಿರುವ ಅನೇಕ ಮಾತ್ರೆಗಳಲ್ಲೂ ಇರುವ ಡೈಫೆನ್‌ಹೈಡ್ರಮಿನ್ ಹಿರಿಯರಿಗೆ ತಕ್ಕದ್ದಲ್ಲ. ಗೊಂದಲ, ಮೂತ್ರ ಕಟ್ಟುವಿಕೆ, ಮಂಪರಿನಲ್ಲಿ ಬೀಳುವುದು ಇವೆಲ್ಲ ಅದರ ಬಳುವಳಿ. ಹಿರಿಯರಿಗೆ ಯಾವ ಮದ್ದು ತಕ್ಕದ್ದಲ್ಲ ಎಂದು ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಒಂದು ಪಟ್ಟಿ ಮಾಡಿದರು. ಅಮೆರಿಕದ ವೃದ್ಧರೋಗ ತಜ್ಞರ ಸಂಘ ಅದನ್ನು 2023ರಲ್ಲಿಯೂ ಪರಿಷ್ಕರಿಸಿದೆ. ನೀವು ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಅಲೋಪಥಿ, ಆಯುರ್ವೇದ, ಹೋಮಿಯೋಪಥಿ, ವಿಟಮಿನ್ ಎಲ್ಲವನ್ನೂ ಒಂದು ಚೀಲಕ್ಕೆ ಸುರಿದು ವೈದ್ಯರ ಬಳಿಗೋ ಫಾರ್ಮಸಿಯವರ ಬಳಿಗೋ ಒಯ್ಯಿರಿ. ಬಿಯರ್ಸ್ ಪಟ್ಟಿಗೆ ಹೊಂದಿಸಿ ನೋಡಿ ಎಂದು ಕೇಳಿರಿ. ಇಷ್ಟು ಸಾಕು. ಆದರೆ ಅವರನ್ನು ಕೇಳದೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.

ಎರಡನೆಯ ಗಂಟು ದೇಹದ್ದು. ಮಲಗಿದ್ದವರು ತಟ್ಟನೆ ಎದ್ದಾಗ ತಲೆ ತಿರುಗುವುದು ಸಾಮಾನ್ಯ ದೂರು. ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20, ಇಲ್ಲವೇ ಕೆಳಗಿನ ಅಂಕಿ 10 ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿತ. ಬಿ.ಪಿ. ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನೀರು ಕಡಿಮೆ ಕುಡಿಯುವುದು ಇದಕ್ಕೆ ಕಾರಣವಾಗಬಹುದು. ರಾತ್ರಿ ಏಳಬೇಕಾದೀತೆಂದು ನಮ್ಮ ಹಿರಿಯರು ಸಂಜೆಯಿಂದಲೇ ನೀರು ಬಿಡುವುದುಂಟು. ಮನೆಯಲ್ಲಿ ಬಿ.ಪಿ. ಯಂತ್ರವಿದ್ದರೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿ ಬರೆದಿಡಿ. ಏಳುವ ಮುನ್ನ ಮಂಚದ ಅಂಚಿನಲ್ಲಿ ಕುಳಿತು ಒಂದೆರಡು ನಿಮಿಷ ಕಾಲಾಡಿಸುವುದು ಒಳ್ಳೆಯ ರೂಢಿ.

ನಮ್ಮಲ್ಲಿ ಸಸ್ಯಾಹಾರಿಗಳು ಬಹಳ. ಜೊತೆಗೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್. ಎರಡೂ ಸೇರಿದರೆ ವಿಟಮಿನ್ ಬಿ12 ಕಡಿಮೆಯಾಗಿ ಅಂಗಾಲಿನ ಸ್ಪರ್ಶವೇ ಮಂಕಾಗಬಹುದು. "ಹತ್ತಿಯ ಮೇಲೆ ನಡೆದ ಹಾಗೆ ಆಗ್ತದೆ" ಎಂದು ಅವರು ಹೇಳಿದರೆ ಮುಪ್ಪು ಎಂದು ತಳ್ಳಿಹಾಕಬೇಡಿ, ಒಂದು ರಕ್ತಪರೀಕ್ಷೆ ಮಾಡಿಸಿ. ಕಣ್ಣಿನ ಪೊರೆ, ಮೆಟ್ಟಿಲಿಳಿಯುವಾಗ ಕೆಳಗಿನದನ್ನು ಮಬ್ಬಾಗಿ ತೋರಿಸುವ ಎರಡು ನೋಟದ ಕನ್ನಡಕ, ಸರಿಯಾಗಿ ಕೇಳದ ಕಿವಿ ಇವನ್ನೂ ಪರೀಕ್ಷಿಸಬೇಕು.

ಮೂರನೆಯ ಗಂಟು ಮನೆ. ಜೀವಮಾನವಿಡೀ ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕುಳಿತು ಹಂಡೆಯ ನೀರನ್ನು ಚೊಂಬಿನಲ್ಲಿ ಹೊಯ್ದುಕೊಂಡವರನ್ನು ನಾವು ಮೊಳಕಾಲೆತ್ತರದ ಗೋಡೆ ದಾಟಿ, ನುಣುಪಾದ ತೊಟ್ಟಿಯಲ್ಲಿ ನಿಂತು ಸ್ನಾನ ಮಾಡಿ ಎನ್ನುತ್ತೇವೆ. ಯೋಚಿಸಿ ನೋಡಿ, ಒದ್ದೆ ಕಾಲಿನಲ್ಲಿ ಆ ಗೋಡೆ ದಾಟುವುದೆಂದರೆ ದೊಂಬರಾಟವೇ ಸರಿ! ತೊಟ್ಟಿಯೊಳಗೆ ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಹಿಡಿಯುವ ಶವರ್, ಜಾರದ ಮ್ಯಾಟು, ಗೋಡೆಯೊಳಗಿನ ಮರದ ಕಂಬಕ್ಕೆ ಭದ್ರವಾಗಿ ತಿರುಪು ಹಾಕಿದ ಹಿಡಿಕೆ ಇರಲಿ. ಗಾಳಿಯ ಬಲದಿಂದ ಅಂಟುವ ಹಿಡಿಕೆಯನ್ನು ನಂಬಬೇಡಿ. ಟವೆಲ್ ನೇತುಹಾಕುವ ಕಂಬಿ ಮನುಷ್ಯರ ಭಾರ ತಡೆಯುವುದಿಲ್ಲ. ನೀರು ಕಾಯಿಸುವ ಟ್ಯಾಂಕನ್ನು 120 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚಿಸಬೇಡಿ. ಬಚ್ಚಲ ಬಾಗಿಲು ಹೊರಗಿನಿಂದಲೂ ತೆರೆಯುವಂತಿರಲಿ.

ಮೆಟ್ಟಿಲಿಗೆ ಎರಡೂ ಕಡೆ ಹಿಡಿಕಂಬಿ, ಮೇಲೆ ಕೆಳಗೆ ಎರಡೂ ಕಡೆ ದೀಪದ ಸ್ವಿಚ್ಚು. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ. ಮಡಚಿಕೊಳ್ಳುವ ಸಣ್ಣ ರತ್ನಗಂಬಳಿಗಳಿಗೆ ವಿದಾಯ. ಬರೀ ಕಾಲುಚೀಲ ಹಾಕಿಕೊಂಡು ಮರದ ನೆಲದ ಮೇಲೆ ನಡೆಯುವ ಬದಲು ಹಿಮ್ಮಡಿ ಮುಚ್ಚುವ, ಅಡಿ ಜಾರದ ಚಪ್ಪಲಿ. ಹೊರಗಿನ ಚಪ್ಪಲಿ ಒಳಗೆ ತರುವುದು ನಮ್ಮ ಮನೆಗಳಲ್ಲಿ ಆಗದ ಮಾತು, ಆದ್ದರಿಂದ ಮನೆಯೊಳಗಿಗೆಂದೇ ಒಂದು ಜೊತೆ ಹೊಸದನ್ನು ಕೊಡಿಸಿ. ನೆಲಕ್ಕೆ ತಾಕುವ ಸೀರೆಯ ನೆರಿಗೆ, ಪಂಚೆಯ ಅಂಚು ಎರಡು ಬೆರಳು ಮೇಲಿರಲಿ. ದೀಪದ ಮುಂದೆ, ಗ್ಯಾಸ್ ಒಲೆಯ ಮುಂದೆ ನೈಲಾನ್ ಸೆರಗಿಗಿಂತ ಹತ್ತಿಯದು ಮೇಲು, ಅದನ್ನೂ ಸೊಂಟಕ್ಕೆ ಸಿಕ್ಕಿಸಿರಬೇಕು. ಉರಿ ಕಾಣದ ವಿದ್ಯುತ್ ಒಲೆ ಆರಿಸಿದ ಮೇಲೂ ಸುಡುತ್ತದೆ ಎಂಬುದನ್ನು ಬಂದ ದಿನವೇ ತೋರಿಸಿಕೊಡಿ. ಹಿಮ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಬೆಳಿಗ್ಗೆ, ಪತ್ರದ ಡಬ್ಬಿ ನೋಡಲು ಅಪ್ಪನವರು ಹೊರಡದಂತೆ ಪತ್ರವನ್ನೇ ಒಳಗೆ ತಂದಿಡಿ.

ಇಷ್ಟೆಲ್ಲ ಕೇಳಿ ಕೆಲವರು ನಿರ್ಧರಿಸಿಬಿಡುತ್ತಾರೆ: "ಅಮ್ಮ ಮೆಟ್ಟಿಲು ಹತ್ತುವುದು ಬೇಡ, ಅಡಿಗೆಮನೆಗೆ ಬರುವುದು ಬೇಡ, ಹೊರಗೆ ನಡೆಯುವುದು ಬೇಡ. ಸುಮ್ಮನೆ ಸೋಫಾದಲ್ಲಿ ಕುಳಿತು ಟಿ.ವಿ. ನೋಡಲಿ." ಇದು ಪ್ರೀತಿಯೇ, ಸಂಶಯವಿಲ್ಲ. ಆದರೆ ಕೂತ ಕಾಲು ಸೋಲುತ್ತದೆ. ತೊಡೆಯ ಸ್ನಾಯು ಕರಗುತ್ತದೆ, ಆಯ ತಪ್ಪುತ್ತದೆ, ಮುಂದೊಂದು ದಿನ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಯಲ್ಲೇ ಬೀಳುತ್ತಾರೆ. 2019ರಲ್ಲಿ 108 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಸಮೀಕ್ಷೆಯ ತೀರ್ಮಾನ, ವ್ಯಾಯಾಮದಿಂದ ಬೀಳುವ ಪ್ರಮಾಣ ನೂರಕ್ಕೆ 23ರಷ್ಟು ತಗ್ಗುತ್ತದೆ ಎಂಬುದು. ಆಯ ಕಾಯುವ ಹಾಗೂ ದಿನನಿತ್ಯದ ಚಲನೆಗಳ ಅಭ್ಯಾಸಕ್ಕೆ ಅದರಲ್ಲಿ ಮೊದಲ ಸ್ಥಾನ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಅಡಿಗೆಕಟ್ಟೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು ಯಾರಾದರೂ ಆರಂಭಿಸಬಹುದು, ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಸಾಕು.

ಕಾಲಿನಷ್ಟೇ ಮನಸ್ಸೂ ಸೋಲುತ್ತದೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಮೂಲದ ಕುಟುಂಬದ ವಿವೇಕ್ ಮೂರ್ತಿಯವರು ಈ ದೇಶದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನೇ ಒಂದು ಪಿಡುಗೆಂದು ಕರೆದು ಎಚ್ಚರಿಕೆಯ ವರದಿ ಹೊರಡಿಸಿದರು. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟು, ಸಂಜೆ ಆರರವರೆಗೆ ಗಡಿಯಾರದ ಸದ್ದು ಬಿಟ್ಟು ಬೇರೆ ಧ್ವನಿಯಿಲ್ಲದ ಮನೆಯಲ್ಲಿ ಕುಳಿತ ಹಿರಿಯರಿಗೆ ಆ ವರದಿಯನ್ನು ಯಾರೂ ಓದಿ ಹೇಳಬೇಕಿಲ್ಲ. ಒಗ್ಗರಣೆ ಹಾಕುವ ಕೈಯಿಂದ ಸೌಟು ಕಿತ್ತುಕೊಂಡರೆ ಸುಡುವ ಅಪಾಯವೇನೋ ತಪ್ಪೀತು, ಈ ಮನೆಗೆ ನಾನು ಬೇಕು ಎಂಬ ಭಾವವೂ ಅದರೊಡನೆ ಹೋದೀತು.

ಆದ್ದರಿಂದ ಅಪಾಯವನ್ನು ಸೊನ್ನೆ ಮಾಡುವ ಹಟ ಬೇಡ. ಅವರನ್ನೇ ಕೂರಿಸಿಕೊಂಡು ಮಾತಾಡಿ. "ಅತ್ತೆ, ಅಡಿಗೆ ನೀವೇ ಮಾಡಿ. ಮೇಲಿನ ಕಪಾಟಿನ ಡಬ್ಬಿ ಮಾತ್ರ ಕೆಳಗಿಟ್ಟಿದ್ದೇನೆ, ಸ್ಟೂಲ್ ಹತ್ತಬೇಡಿ" ಎಂದರೆ ಯಾವ ಅತ್ತೆಯೂ ಬೇಸರಪಡುವುದಿಲ್ಲ. "ಅಪ್ಪಾ, ವಾಕಿಂಗ್ ಹೋಗಿ, ಫೋನ್ ಜೇಬಿನಲ್ಲಿರಲಿ, ಕೋಲು ಕೈಯಲ್ಲಿರಲಿ" ಎಂದರೆ, ಕೋಲು ಹಿಡಿದರೆ ಜನ ಮುದುಕ ಅಂತಾರೆ ಎಂಬ ಉತ್ತರ ಬರಬಹುದು. ಒಮ್ಮೆ ಅವರೇ ಅಂಗಡಿಗೆ ಬಂದು ಕೋಲು ಆರಿಸಲಿ. ತಾವೇ ಆರಿಸಿದ ಕೋಲು ಮೂಲೆ ಸೇರುವುದು ಕಡಿಮೆ.

ಇಷ್ಟಾದರೂ ಬಿದ್ದರೆ? ಅವಸರದಿಂದ ಎತ್ತಿ ನಿಲ್ಲಿಸಬೇಡಿ. ಎಲ್ಲಿ ನೋವು, ಕೈಕಾಲು ಆಡುತ್ತವೆಯೇ, ಮಾತು ಸರಿಯಿದೆಯೇ ನೋಡಿ. ಸೊಂಟದ ಬಳಿ ತೀವ್ರ ನೋವಿದ್ದು, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತಿದ್ದರೆ ಅಲುಗಿಸದೆ 911ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾಗಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ತಲೆಗೆ ಪೆಟ್ಟಾದ ಯಾವ ಹಿರಿಯರಲ್ಲೇ ಆಗಲಿ, ವಾರಗಳ ನಂತರವೂ ತಲೆನೋವು, ಮಂಪರು, ಗೊಂದಲ, ನಡಿಗೆಯ ಬದಲಾವಣೆ ಕಂಡರೆ ಆ ಹಳೆಯ ಪೆಟ್ಟನ್ನು ವೈದ್ಯರಿಗೆ ನೆನಪಿಸಿ. ಹಗಲು ಒಬ್ಬರೇ ಇರುವ ಹಿರಿಯರ ಫೋನಿನ ಪಕ್ಕದಲ್ಲಿ ಮನೆಯ ವಿಳಾಸವನ್ನು ಕನ್ನಡ ಅಕ್ಷರದಲ್ಲಿ ಬರೆದಂಟಿಸಿ. ಆಸ್ಪತ್ರೆಯಲ್ಲಿ ಕನ್ನಡ ದುಭಾಷಿ ಬೇಕೆಂದು ಧೈರ್ಯವಾಗಿ ಕೇಳಿ. ನೋವನ್ನು ತಾಯ್ನುಡಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಬೇರೆ ಭಾಷೆಯಲ್ಲಿ ಹೇಳಲಾಗದು.

ಊರಲ್ಲೇ ಇರುವ ತಂದೆತಾಯಿಯರ ವಿಷಯದಲ್ಲಿ ನಮ್ಮ ಕೈ ದೂರ, ಕಿವಿ ಹತ್ತಿರ. "ಊಟ ಆಯ್ತಾ, ಆರೋಗ್ಯವಾ?" ಎಂದರೆ "ಎಲ್ಲ ಚೆನ್ನಾಗಿದೆ" ಎಂಬುದೇ ಉತ್ತರ. ಬದಲಿಗೆ ಆ ಮೂರು ಪ್ರಶ್ನೆಗಳಲ್ಲಿ ಒಂದನ್ನು ಕೇಳಿ ನೋಡಿ. ಪಕ್ಕದ ಮನೆಯವರ ಬಳಿ ಒಂದು ಬೀಗದ ಕೈ ಇರಲಿ. ಕರ್ನಾಟಕದಲ್ಲಿ ಆಂಬುಲೆನ್ಸಿಗೆ 108, ತುರ್ತಿಗೆ 112, ಹಿರಿಯರ ಸಹಾಯವಾಣಿಗೆ 14567. ಈ ಮೂರು ಸಂಖ್ಯೆಗಳು ಅವರ ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡಕ್ಷರದಲ್ಲಿರಲಿ. ರಜೆಗೆ ಊರಿಗೆ ಹೋದಾಗ ಒಡವೆಯಂಗಡಿಗೆ ಹೋಗುವ ಮುನ್ನ ಬಚ್ಚಲುಮನೆಗೆ ಎರಡು ಹಿಡಿಕೆ ಹಾಕಿಸಿ ಬನ್ನಿ.

ಕೊನೆಯದಾಗಿ ನಮ್ಮ ಕೂಟಕ್ಕೊಂದು ವಿನಂತಿ. ಕನ್ನಡ ಶಾಲೆ ನಡೆಯುವ ಹೊತ್ತಿನಲ್ಲೇ ಪಕ್ಕದ ಕೊಠಡಿಯಲ್ಲಿ ಹಿರಿಯರಿಗೆ ಅರ್ಧ ಗಂಟೆ ವ್ಯಾಯಾಮ, ಅರ್ಧ ಗಂಟೆ ಹರಟೆ ಏರ್ಪಡಿಸಬಾರದೇಕೆ? ಮೊಮ್ಮಕ್ಕಳು ಅ ಆ ಇ ಈ ತಿದ್ದಲಿ, ಅಜ್ಜ ಅಜ್ಜಿಯರು ಹೆಜ್ಜೆ ತಿದ್ದಲಿ. ಹೇಳಿಕೊಡಲು ನಮ್ಮಲ್ಲಿ ವೈದ್ಯರಿದ್ದಾರೆ, ಫಿಸಿಯೋಥೆರಪಿಯವರಿದ್ದಾರೆ. ಕರೆತರಲು ಕಾರುಗಳಂತೂ ಮನೆಗೆರಡಿವೆ.

ಮುಂದಿನ ಸಾಲಿನ ಹಿರಿಯರೇ, ತಮಗೂ ಒಂದು ಮಾತು. ನೀವು ಬಿದ್ದದ್ದನ್ನು ಹೇಳಿದರೆ ಮಕ್ಕಳಿಗೆ ಒಂದು ದಿನದ ರಜೆ ಹೋದೀತು. ಹೇಳದಿದ್ದರೆ ಏನು ಹೋದೀತೆಂಬುದನ್ನು ನಾವು ಆಸ್ಪತ್ರೆಯಲ್ಲಿ ಕಂಡಿದ್ದೇವೆ. ಮೀಸೆ ಮಣ್ಣಾದರೆ ಒರೆಸಿಕೊಳ್ಳಬಹುದು, ಅದಕ್ಕೆ ನಾವಿದ್ದೇವೆ. ದಯವಿಟ್ಟು ಹೇಳಿ.

ಊಟಕ್ಕೆ ಏಳುವಾಗ ನಿಧಾನವಾಗಿ ಏಳಿ.